ಒಂದನೇ ನಂಬರಿನ ಗಾಂಭೀರ್ಯ

ಸೆಪ್ಟೆಂಬರ್ ೨, ಸೋಮವಾರ

ಫಿಸಿಯೋ ಡಾಕ್ಟರಮ್ಮ ಇವತ್ತು ಈ ನೋಟುಬುಕ್ಕು ಕೊಟ್ಟರು. ದಿನಾ ಸಂಜೆ ಬಲಭುಜಕ್ಕೆ ಹತ್ತಕ್ಕೆ ಇಂತಿಷ್ಟು ಅಂತ ಅಂಕ ಬರೆಯಬೇಕಂತೆ, ನೋವೇ ಇಲ್ಲದಿದ್ದರೆ ಹತ್ತು. ಐವತ್ತೇಳು ವರ್ಷ ಜೊತೆಗಿದ್ದ ಭುಜಕ್ಕೆ ಈಗ ಪರೀಕ್ಷೆ ಇಡಲು ನಾನೇನು ಮೇಷ್ಟ್ರೇ? ಆದರೆ ಪುಸ್ತಕ ಚೆನ್ನಾಗಿದೆ. ಗಟ್ಟಿ ರಟ್ಟು, ನೇರ ಗೆರೆ. ಇಂಥದ್ದನ್ನು ನೋವಿಗೆ ವ್ಯಯ ಮಾಡುವುದು ಅನ್ಯಾಯವೆನಿಸಿ, ಇನ್ನೂ ದೊಡ್ಡ ಉದ್ದೇಶಕ್ಕೆ ಮೀಸಲಿಟ್ಟಿದ್ದೇನೆ.

ಉದ್ದೇಶ ಹುಟ್ಟಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ನಮ್ಮ ನರ್ಸರಿಗೆ ಎರಡು ತಾಕು. ಕೆಳಗಿನದು ಮನೆಯ ಪಕ್ಕ. ಮೇಲಿನದು ಗುಡ್ಡದ ಮೇಲೆ, ಆರು ತಿರುವು ಹತ್ತಿ ಹೋಗಬೇಕು. ಇಪ್ಪತ್ತೆರಡು ವರ್ಷದ ಹಿಂದೆ ಕಲ್ಲು ಆರಿಸಿ ಆರಿಸಿ ನಾನೇ ಮಾಡಿದ ತಾಕು ಅದು. ಎರಡು ತಿಂಗಳ ಹಿಂದೆ ಮೂರನೇ ತಿರುವಿನಲ್ಲಿ, ಎರಡು ಕೈಯಲ್ಲೂ ಸಸಿ ಟ್ರೇ ಹಿಡಿದಿದ್ದಾಗ, ನಾನು ಸ್ವಲ್ಪ ಜಾರಿದೆ. ಬಿದ್ದೆ ಅನ್ನುವುದು ಉತ್ಪ್ರೇಕ್ಷೆ. ಉರುಳಿದೆ ಅಂತ ಬಾಮೈದ ಊರೆಲ್ಲ ಹೇಳಿಕೊಂಡು ತಿರುಗುತ್ತಿರುವುದು ದ್ವೇಷ.

"ನೋಡ್ರೀ," ಅಂದಳು ನಮ್ಮವಳು, "ಇಪ್ಪತ್ತೈದಕ್ಕೆ ಸಸಿ ಒಯ್ಯೋಕೆ ಪಾರ್ಕಿನವರ ಲಾರಿ ಬರುತ್ತೆ. ನಾಲ್ಕು ಸಾವಿರ ಸಸಿ ಮೇಲಿದಾವೆ, ಲಾರಿ ಕೆಳಗೆ ನಿಲ್ಲುತ್ತೆ. ನಡುವೆ ಇರೋದು ಗುಡ್ಡ, ನಿಮ್ಮ ಭುಜ. ಗುಡ್ಡನ ಸರಿಸೋಕಾಗಲ್ಲ."

"ಭುಜ ಸರಿಹೋಗ್ತಾ ಇದೆ."

"ಬೆಳಿಗ್ಗೆ ಅಂಗಿ ಹಾಕ್ಕೊಳ್ಳೋಕೆ ನನ್ನ ಕೂಗಿದ್ರಲ್ಲ?"

"ಅದು ಅಂಗಿ ತಪ್ಪು."

ಅವಳು ಅಂಗಿಯ ಪರ ವಾದಿಸಲಿಲ್ಲ. ಸೀದಾ ತೀರ್ಪು ಕೊಟ್ಟಳು. ಇಪ್ಪತ್ತನೇ ತಾರೀಖಿನೊಳಗೆ ಗುಡ್ಡ ಹತ್ತುವ ಗಾಡಿಯೊಂದನ್ನು ನಾನು ಗೊತ್ತುಮಾಡಬೇಕು. ಇಲ್ಲದಿದ್ದರೆ ಈ ಸಲದ ಸಸಿಯನ್ನು ಕೂಲಿಯವರ ಕೈಲಿ ಇಳಿಸಿ, ಮೇಲಿನ ತಾಕನ್ನು ಅವಳ ತಮ್ಮನಿಗೆ ಬಾಡಿಗೆಗೆ ಕೊಡುವುದು. ಅವನು ಅಲ್ಲಿ ಟೆಂಟು ಹಾಕಿ ಪಟ್ಟಣದವರನ್ನು ರಜೆಗೆ ಕರೆಯುತ್ತಾನಂತೆ. ನಾನು ಕಲ್ಲು ಆರಿಸಿದ್ದು ಅವರು ಬರಿಗಾಲಲ್ಲಿ ಓಡಾಡಲಿ ಅಂತ ಇರಬೇಕು.

ಸೆಪ್ಟೆಂಬರ್ ೩, ಮಂಗಳವಾರ

ಗಾಡಿಗಳು ಬಂದವು. ಒಂದಲ್ಲ, ಎರಡು. ನಾಲ್ಕು ದಪ್ಪ ಚಕ್ರ, ಬೈಕಿನ ಹ್ಯಾಂಡಲ್, ಕುದುರೆಯ ಮೇಲೆ ಕೂತಂತೆ ಕೂರುವ ಸೀಟು, ಹಿಂದೆ ಮುಂದೆ ಕಬ್ಬಿಣದ ಕ್ಯಾರಿಯರ್. ಎ.ಟಿ.ವಿ. ಅಂತಾರೆ. ನಮ್ಮವಳು "ಗೂಳಿ ಸ್ಕೂಟರ್" ಅಂತಾಳೆ. ಒಂದು ಕೆಂಪು, ಒಂದು ನೀಲಿ. ಎಂಜಿನ್ ಒಂದೇ ಅಳತೆ, ಎಳೆಯುವ ತೂಕ ಒಂದೇ, ಎರಡಕ್ಕೂ ಪವರ್ ಸ್ಟೀರಿಂಗು. ಅವಳಿ ಮಕ್ಕಳಿಗೆ ಬೇರೆ ಬೇರೆ ಬಣ್ಣದ ಅಂಗಿ ಹಾಕಿದ ಹಾಗೆ.

ತಂದುಕೊಟ್ಟ ಶೋರೂಮಿನವರು ಕುತ್ತಿಗೆಗೆ ಟೈ ಕಟ್ಟಿಕೊಂಡು ನಮ್ಮ ಕೆಸರಿನಲ್ಲಿ ತುದಿಗಾಲ ಮೇಲೆ ನಿಂತಿದ್ದರು. "ಸಾರ್, ಇಪ್ಪತ್ತನೇ ತಾರೀಖಿನವರೆಗೂ ಎರಡನ್ನೂ ಇಟ್ಕೊಂಡು ನೋಡಿ. ಹಿಡಿಸಿದ್ದು ನಿಮಗೆ, ಇನ್ನೊಂದು ನಮಗೆ."

"ಈ ಪವರ್ ಸ್ಟೀರಿಂಗು ಅಂದ್ರೇನು?" ಕೇಳಿದಳು ಇವಳು.

"ಸಾರ್ ಹ್ಯಾಂಡಲ್ ಸ್ವಲ್ಪ ತಿರುಗಿಸಿದ್ರೆ ಸಾಕಮ್ಮಾ, ಉಳಿದಿದ್ದು ಒಳಗಿರೋ ಮೋಟರ್ ನೋಡ್ಕೊಳ್ಳುತ್ತೆ. ಚಕ್ರ ಕಲ್ಲಿಗೆ ಬಡಿದ್ರೂ ಕೈಗೆ ಪೆಟ್ಟು ಬರಲ್ಲ."

"ಓ, ಅದಾ? ಮೂವತ್ತು ವರ್ಷದಿಂದ ನಮ್ಮನೇಲಿ ಅದೇ ವ್ಯವಸ್ಥೆ. ಇವರು ಸ್ವಲ್ಪ ತಿರುಗಿಸ್ತಾರೆ, ಉಳಿದಿದ್ದು ನಾನು ನೋಡ್ಕೋತೀನಿ."

ಶೋರೂಮಿನವರು ಅಗತ್ಯಕ್ಕಿಂತ ಹೆಚ್ಚು ನಕ್ಕರು. ನನಗೆ ವೈಯಕ್ತಿಕವಾಗಿ ಪವರ್ ಸ್ಟೀರಿಂಗ್ ಬೇಕಿಲ್ಲ ಎಂದು ಸ್ಪಷ್ಟಪಡಿಸಿದೆ. ಅದು ಸಸಿಗಳ ಹಿತದೃಷ್ಟಿಯಿಂದ.

ಅಷ್ಟರಲ್ಲಿ ಇವಳು ಕೆಂಪು ಗಾಡಿಯ ಬೆನ್ನು ಸವರಿ, "ಇದು ಮುದ್ದಾಗಿದೆ" ಅಂದುಬಿಟ್ಟಳು. ಪರೀಕ್ಷೆ ಶುರುವಾಗುವ ಮೊದಲೇ ಪಕ್ಷಪಾತ!

ಸೆಪ್ಟೆಂಬರ್ ೪, ಬುಧವಾರ

ಪಕ್ಷಪಾತಕ್ಕೆ ಮದ್ದು ನಮ್ಮ ಕಸುಬಿನಲ್ಲೇ ಇದೆ. ಹೊಸ ಗೊಬ್ಬರ ಬಂದಾಗ ನಾವು ಎರಡು ಪಾತಿ ಮಾಡುತ್ತೇವೆ. ಒಂದಕ್ಕೆ ಹಳೆಯದು, ಇನ್ನೊಂದಕ್ಕೆ ಹೊಸದು. ಯಾವುದಕ್ಕೆ ಯಾವುದು ಅಂತ ಇವಳಿಗೆ ಮಾತ್ರ ಗೊತ್ತು. ನನಗೆ ಕಾಣುವುದು "೧", "೨" ಅನ್ನುವ ಹಲಗೆ ಅಷ್ಟೇ. ನಾನು ನಿರ್ವಿಕಾರವಾಗಿ ಎಲೆ ಎಣಿಸಿ ಅಂಕ ಕೊಡುತ್ತೇನೆ. ಇಪ್ಪತ್ತು ವರ್ಷದಲ್ಲಿ ಈ ಪದ್ಧತಿ ಒಮ್ಮೆಯೂ ಕೈಕೊಟ್ಟಿಲ್ಲ.

ಗಾಡಿಗೂ ಅದೇ. ಇವಳು ಎರಡಕ್ಕೂ ಗೋಣಿತಾಟು ಸುತ್ತಿ ಹೊಲಿದಳು. ಮೀಟರಿನ ಮೇಲಿದ್ದ ಕಂಪನಿ ಹೆಸರಿಗೂ ಟೇಪು. ಮುಂದೆ ತಂತಿಯಲ್ಲಿ ನಂಬರಿನ ಹಲಗೆ. ನಿಯಮಗಳು: ದಿನಕ್ಕೊಂದೇ ಗಾಡಿ. ಅವತ್ತಿನ ಗಾಡಿಯನ್ನು ಸಹಾಯಕಿ, ಅಂದರೆ ಇವಳು, ಅಂಗಳಕ್ಕೆ ತಂದು ನಿಲ್ಲಿಸಬೇಕು. ಇನ್ನೊಂದು ಶೆಡ್ಡಿನ ಹಿಂದಿನ ಮೂಲೆಯಲ್ಲಿರಬೇಕು. ತೀರ್ಪುಗಾರ, ಅಂದರೆ ನಾನು, ಅದರ ಹತ್ತಿರ ಸುಳಿಯುವಂತಿಲ್ಲ.

ಬಾಮೈದ ಬಂದವನು ಕಣ್ಣರಳಿಸಿ ನಿಂತ. "ಏನ್ ಭಾವ, ಪೊಲೀಸರು ಕಳ್ಳರ ಮುಖ ಮುಚ್ಚಿ ಕರ್ಕೊಂಡು ಹೋಗೋ ಹಾಗಿದೆಯಲ್ಲ!"

ವಿಜ್ಞಾನ ಇವನ ಮನೆಯ ಬೀದಿಯಲ್ಲೂ ಹಾದುಹೋಗಿಲ್ಲ.

ಸೆಪ್ಟೆಂಬರ್ ೫, ಗುರುವಾರ

ಒಂದನೇ ನಂಬರು. ಬೆಳಿಗ್ಗೆ ಪಟ್ಟಣದಲ್ಲಿ ಡಾಕ್ಟರಮ್ಮ ಭುಜಕ್ಕೆ ಬರೀ ಶಾಖ ಕೊಟ್ಟು ಕಳಿಸಿದರು. ಸೋಮ, ಬುಧ, ಶುಕ್ರ ಎಳೆತ, ಉಳಿದ ದಿನ ಶಾಖ ಅಂತ ಅವರ ಕ್ರಮ. ಮಧ್ಯಾಹ್ನ ಮನೆಯಿಂದ ಗೇಟಿನವರೆಗೆ ನಾಲ್ಕು ಸಲ ಹೋಗಿಬಂದೆ. ಸಭ್ಯ ಗಾಡಿ. ಹ್ಯಾಂಡಲ್ ಹೇಳಿದ ಮಾತು ಕೇಳುತ್ತದೆ. ಸ್ಟೀರಿಂಗು: ಹತ್ತಕ್ಕೆ ಆರು.

ಸೆಪ್ಟೆಂಬರ್ ೬, ಶುಕ್ರವಾರ

ಡಾಕ್ಟರಮ್ಮ ಇವತ್ತು ನನ್ನ ತೋಳನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿದರು. ಇರಲಿ, ವಿಷಯ ಅದಲ್ಲ. ಎರಡನೇ ನಂಬರು ಮಹಾ ಹಠಮಾರಿ. ಎಡಕ್ಕೆ ಸರಿ, ಬಲಕ್ಕೆ ತಿರುಗು ಅಂದರೆ ಮುಖ ಊದಿಸುತ್ತದೆ. ಒಳಗಿರುವ ಮೋಟರು ನನಗೆ ಸಹಾಯ ಮಾಡುವುದಿರಲಿ, ನನ್ನ ವಿರುದ್ಧ ಪಕ್ಷದಲ್ಲಿದ್ದಂತಿದೆ. ಸ್ಟೀರಿಂಗು: ಮೂರು. ಅದೂ ಗಾಡಿಗೆ ಬೇಜಾರಾಗಬಾರದು ಅಂತ.

ಸೆಪ್ಟೆಂಬರ್ ೯, ಸೋಮವಾರ

ಶನಿವಾರ ಒಂದನೆಯದಕ್ಕೆ ಆರೂವರೆ. ಇವತ್ತು ಎರಡನೆಯದಕ್ಕೆ ನಾಲ್ಕು. ಫಲಿತಾಂಶ ಹಗಲಿನಷ್ಟು ಸ್ಪಷ್ಟವಾಗುತ್ತಿದೆ. ಒಂದು ಮಾತು ಒಪ್ಪಿಕೊಳ್ಳಬೇಕು. ಇಷ್ಟು ಸೂಕ್ಷ್ಮ ವ್ಯತ್ಯಾಸ ಗ್ರಹಿಸುವ ಕೈ ಎಲ್ಲರಿಗೂ ಇರುವುದಿಲ್ಲ.

ಇವಳ ಲಕ್ಷ್ಯ ಮಾತ್ರ ಕೆಲಸದ ಮೇಲಿಲ್ಲ. ಊಟಕ್ಕೆ ಕೂತರೆ ತೂಕಡಿಸುತ್ತಾಳೆ. ಬೂಟಿನ ತುಂಬ ಕೆಂಪು ಮಣ್ಣು. ಕೆಳಗಿನ ತಾಕಿನಲ್ಲಿ ಇರುವುದು ಕಪ್ಪು ಮಣ್ಣು, ಕೆಂಪು ಮಣ್ಣಿರುವುದು ಗುಡ್ಡದ ಮೇಲೆ.

"ಬೂಟು ತೊಳೆದು ಎಷ್ಟು ದಿನ ಆಯ್ತೇ? ತಿಂಗಳುಗಟ್ಟಲೆ ಹಳೇ ಮಣ್ಣು ಹಾಗೇ ಇದೆ" ಅಂದೆ.

"ಹೌದ್ರೀ, ಸೋಮಾರಿತನ" ಅಂದಳು.

ತಪ್ಪನ್ನು ಒಪ್ಪಿಕೊಳ್ಳುವ ಗುಣ ಅವಳಲ್ಲಿ ಹೊಸದು. ಮೆಚ್ಚಿದೆ.

ಸೆಪ್ಟೆಂಬರ್ ೧೦, ಮಂಗಳವಾರ

ಒಂದನೇ ನಂಬರು: ಏಳು.

ಅಂಗಳದಲ್ಲಿ ಸಸಿ ಟ್ರೇಗಳು ಕಾಲಿಡಲು ಜಾಗವಿಲ್ಲದಷ್ಟು ಹರಡಿವೆ. ಕೆಳಗಿನ ತಾಕಿನ ನಾಲ್ಕು ಸಸಿಯನ್ನು ಇವಳು ಅದೆಷ್ಟು ವಿಶಾಲವಾಗಿ ಜೋಡಿಸುತ್ತಾಳೋ. ಇಕ್ಕಟ್ಟಾಗಿ ಜೋಡಿಸು ಅಂತ ಹೇಳಬೇಕು.

ಸೆಪ್ಟೆಂಬರ್ ೧೧, ಬುಧವಾರ

ಆಶ್ಚರ್ಯ! ಎರಡನೇ ನಂಬರಿಗೆ ಬುದ್ಧಿ ಬಂದಿದೆ. ಗೇಟಿನ ಹತ್ತಿರ ಪೂರ್ತಿ ಸುತ್ತು ಹೊಡೆದರೂ ಗೊಣಗಲಿಲ್ಲ. ಏಳು ಕೊಡಬೇಕಾಯಿತು. ಯಾಕಿರಬಹುದು? ಆಸ್ಪತ್ರೆಯಲ್ಲಿ ಕರೆಂಟಿಲ್ಲದೆ ಎಳೆಯುವ ಯಂತ್ರ ನಿಂತುಹೋಗಿ ಬಿಸಿನೀರ ಚೀಲದ ಶಾಖ ಮಾತ್ರ ಕೊಟ್ಟರು ಅನ್ನುವುದನ್ನು ಬಿಟ್ಟರೆ ಇವತ್ತು ವಿಶೇಷವೇನೂ ನಡೆದಿಲ್ಲ.

ಇನ್ನೊಂದು ಸಂಗತಿ. ಶೆಡ್ಡಿನ ಬಾಗಿಲಿಂದಲೇ, ನಿಯಮ ಮೀರದೆ, ಮೂಲೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದ ಒಂದನೇ ನಂಬರನ್ನು ಕಣ್ತುಂಬ ನೋಡಿದೆ. ಗೋಣಿತಾಟಿನೊಳಗಿಂದಲೂ ಅದರ ಮೈಕಟ್ಟು ಎದ್ದು ಕಾಣುತ್ತದೆ. ಎತ್ತರದ ಬೆನ್ನು, ಅಗಲ ಭುಜ. ಬೆಕ್ಕು ಅದರ ಮೇಲೇರಿ ನಿಶ್ಚಿಂತೆಯಿಂದ ಮಲಗಿತ್ತು. ಪ್ರಾಣಿಗಳಿಗೆ ಗೊತ್ತಾಗುತ್ತದೆ. ನಿಂತಾಗಿನ ಗಾಂಭೀರ್ಯ ಅಂತ ಹೊಸ ಕಾಲಂ ಎಳೆದು ಒಂದನೆಯದಕ್ಕೆ ಒಂಬತ್ತು ಕೊಟ್ಟೆ.

ಸೆಪ್ಟೆಂಬರ್ ೧೨, ಗುರುವಾರ

ನಿನ್ನೆಯ ಬಾಕಿ ಅಂತ ಡಾಕ್ಟರಮ್ಮ ಇವತ್ತು ಎಳೆದರು. ಒಂದನೇ ನಂಬರು: ನಾಲ್ಕೂವರೆ. ಒಂಬತ್ತು ಅಂಕ ಸಿಕ್ಕಿದ್ದೇ ತಡ, ಬಿಗುಮಾನ. ಹೊಗಳಬಾರದಿತ್ತು.

ಸೆಪ್ಟೆಂಬರ್ ೧೪, ಶನಿವಾರ

ನಿನ್ನೆ ಎರಡನೆಯದಕ್ಕೆ ಏಳು, ಎಳೆತದ ದಿನವೂ. ಇವತ್ತು ಒಂದನೆಯದಕ್ಕೆ ಎಂಟು. ಇಬ್ಬರೂ ಸಮಸಮ. ಗೊಂದಲದಲ್ಲಿ ಪುಸ್ತಕವನ್ನು ಆಸ್ಪತ್ರೆಗೇ ಒಯ್ದು ಶಾಖದ ಹೊತ್ತಿನಲ್ಲಿ ಕೂಡಿ ಕಳೆಯುತ್ತಿದ್ದೆ. ಡಾಕ್ಟರಮ್ಮ ಕೈಯಿಂದ ಕಸಿದುಕೊಂಡರು.

"ಅಯ್ಯೋ, ಎಷ್ಟು ನೀಟಾಗಿ ಬರೆದಿದೀರಿ! ಉಳಿದ ಪೇಶೆಂಟುಗಳೆಲ್ಲ ನಿಮ್ಮನ್ನ ನೋಡಿ ಕಲೀಬೇಕು. ನೋಡಿ, ನಾನು ಎಳೆದ ದಿನ ಮೂರು, ನಾಲ್ಕು. ಶಾಖದ ದಿನ ಆರು, ಏಳು. ನಿನ್ನೆ ಎಳೆದರೂ ಏಳು. ಭುಜದ ಬಿಗಿ ಬಿಡ್ತಾ ಇದೆ!"

"ಮೇಡಂ, ಅದು ಗಾಡಿಯ ಸ್ಟೀರಿಂಗು."

"ಹ್ಞಾಂ, ಚೆನ್ನಾಗಿದೆ ಹೋಲಿಕೆ. ಆದ್ರೆ ಗಾಂಭೀರ್ಯ ಒಂಬತ್ತು ಅಂದ್ರೇನು?"

"ಅದು ಸುಮ್ಮನೆ ನಿಂತಾಗ."

"ಸುಮ್ಮನಿದ್ದಾಗ ನೋವೇ ಇಲ್ಲ ಅಂತಾಯ್ತು. ವೆರಿ ಗುಡ್."

ವೈದ್ಯಕೀಯದವರ ತೊಂದರೆ ಇದು. ಜಗತ್ತಿನಲ್ಲಿ ಎಲ್ಲ ನೋಡಿದರೂ ಅವರಿಗೆ ಭುಜವೇ ಕಾಣುತ್ತದೆ.

ಸೆಪ್ಟೆಂಬರ್ ೧೬, ಸೋಮವಾರ

ಬಾಮೈದ ಟೇಪು ಹಿಡಿದುಕೊಂಡು ಬಂದಿದ್ದ. ಮೇಲಿನ ತಾಕು ಅಳೆಯಬೇಕಂತೆ, ಎಷ್ಟು ಟೆಂಟು ಹಿಡಿಯುತ್ತೆ ಅಂತ.

"ಇನ್ನೂ ನಾಲ್ಕು ದಿನ ಇದೆ" ಅಂದೆ.

"ಇದೆ ಭಾವ. ಆದ್ರೆ ನೀವು ಗುಡ್ಡ ಹತ್ತೋ ಗಾಡಿನ ಗೇಟಿನ ತನಕ ಓಡಿಸ್ತಾ ಕೂತಿದ್ರೆ ಅದು ಹತ್ತೋದು ಯಾವಾಗ?"

ಪದ್ಧತಿ ಅಂದರೆ ಮೊದಲು ಸಮತಟ್ಟು, ಆಮೇಲೆ ಏರು, ಎಂದು ವಿವರಿಸಿದೆ. ಸಮತಟ್ಟಿನ ಅಧ್ಯಯನ ಇನ್ನೂ ಆಳವಾಗಬೇಕು. ಅವನು ಅಕ್ಕನ ಮುಖ ನೋಡಿದ, ಅಕ್ಕ ಅನ್ನದ ಪಾತ್ರೆಯ ಮುಖ ನೋಡಿದಳು.

ಅವನು ಹೋದ ಮೇಲೆ ಇವಳು ಮೆಲ್ಲಗೆ, "ಆ ಮೂರನೇ ತಿರುವಿಗೆ ನಾನು ಕಲ್ಲು ಕಟ್ಟಿಸ್ಲಾ?" ಅಂದಳು.

"ಯಾಕೆ? ಅದಕ್ಕೇನಾಗಿದೆ?" ಅಂದೆ.

"ಏನೂ ಆಗಿಲ್ಲ. ಸುಮ್ನೆ ಕೇಳಿದೆ."

ಇವಳು ಹೀಗೇ, ಸಂಬಂಧವಿಲ್ಲದ ಮಾತು ಎತ್ತುತ್ತಾಳೆ. ನಿದ್ದೆ ಬರಲಿಲ್ಲ. ಸೆಕೆ ಇರಬೇಕು.

ಸೆಪ್ಟೆಂಬರ್ ೧೭, ಮಂಗಳವಾರ

ಗೇಟಿನವರೆಗೆ ಹೋಗಿ ಬಂದೆ. ಎಂಟು. ನಾಳೆ ಏರು ಹತ್ತಬಹುದು. ನಾಡಿದ್ದೂ ಹತ್ತಬಹುದು.

ಸೆಪ್ಟೆಂಬರ್ ೧೮, ಬುಧವಾರ

ಈ ಪುಟದ ಮೊದಲ ಸಾಲನ್ನು ಮೂರು ಸಲ ಬರೆದು ಹೊಡೆದುಹಾಕಿದೆ. ಭಯದಿಂದಲ್ಲ, ಸಿಟ್ಟಿನಿಂದ. ಇಲ್ಲ, ನಗುವಿನಿಂದಲೂ ಇರಬಹುದು. ಕ್ರಮವಾಗಿ ಬರೆಯುತ್ತೇನೆ.

ಡಾಕ್ಟರಮ್ಮ ರಜೆ, ಹಾಗಾಗಿ ಬೆಳಿಗ್ಗೆ ಬಸ್ಸು ಹತ್ತದೆ ಮನೆಯಲ್ಲೇ ಇದ್ದೆ, ಇವಳಿಗೆ ಹೇಳಲು ಮರೆತಿದ್ದೆ. ಎಂಟೂವರೆಗೆ ನಾನು ಹಲ್ಲುಜ್ಜಿ ಹೊರಬರುವಷ್ಟರಲ್ಲಿ ಇವಳಿಲ್ಲ. ಅಂಗಳದಲ್ಲಿ ಎರಡನೇ ನಂಬರು ತಯಾರಾಗಿ ನಿಂತಿತ್ತು. ಆಗ ಕಂಡದ್ದೇನು? ಬಾಮೈದ ಟೇಪು ಬೀಸುತ್ತ, ಬಿಳಿ ಟೋಪಿ ಹಾಕಿಕೊಂಡು, ಗುಡ್ಡದ ಎರಡನೇ ತಿರುವಿನಲ್ಲಿ! ನನ್ನ ತಾಕಿಗೆ! ಇಪ್ಪತ್ತನೇ ತಾರೀಖಿಗೆ ಮುಂಚೆ!

"ಏಯ್! ನಿಲ್ಲೋ!" ಅಂದೆ. ಕೈಯೆತ್ತಿ ಟಾಟಾ ಮಾಡಿದ.

ಗಾಡಿ ಹತ್ತಿ ಹೊರಟೆ. ಅವನು ಓಡಿದ. ನಾನು ಹಾರ್ನು ಹೊಡೆದೆ. ಒಂದೊಂದು ತಿರುವಿಗೂ ಅವನ ಹಿಂದಿನ ಒಂದೊಂದು ಅಪರಾಧ ನೆನಪಾಯಿತು, ಅದನ್ನೆಲ್ಲ ಗಟ್ಟಿಯಾಗಿ ಹೇಳಿಕೊಂಡೇ ಹೋದೆ. ನಮ್ಮ ಏಣಿ ಒಯ್ದು ಎರಡು ವರ್ಷ ಹಿಂದಕ್ಕೆ ಕೊಡದೇ ಇದ್ದದ್ದು. ಉರುಳಿದೆ ಅಂತ ಊರಿಗೆ ಹೇಳಿದ್ದು. ನನ್ನ ಛತ್ರಿ. ಆರನೇ ತಿರುವಿನಲ್ಲಿ ಅವನನ್ನು ದಾಟಿ, ಮೇಲೆ ಹೋಗಿ, ದಾರಿಗೆ ಅಡ್ಡ ಗಾಡಿ ನಿಲ್ಲಿಸಿದೆ.

ತಿರುಗಿ ನೋಡಿದರೆ ನನ್ನ ತಾಕು ಬರಿದು. ನಾಲ್ಕು ಸಾವಿರ ಸಸಿಯಲ್ಲಿ ಉಳಿದದ್ದು ಮೂರೇ ಪಾತಿ. ಅದರ ಪಕ್ಕ ಒಂದು ಕೆಂಪು ಗಾಡಿ. ಗೋಣಿತಾಟಿಲ್ಲ, ನಂಬರಿಲ್ಲ, ಮೈಯೆಲ್ಲ ಕೆಸರು, ಹಿಂದೆ ಮುಂದೆ ಸಸಿ ಟ್ರೇ. ಅದರ ಮೇಲೆ ನಮ್ಮವಳು, ಮೊಣಕಾಲವರೆಗೂ ಬೂಟು, ತಲೆಗೆ ನನ್ನ ಹಳೇ ಟವೆಲ್.

"ಬಂದ್ರಾ? ಬನ್ನಿ" ಅಂದಳು, ಪಕ್ಕದ ಮನೆಗೆ ಬಂದವನನ್ನು ಕರೆಯುವ ಹಾಗೆ.

"ಇದ್ಯಾವ ಗಾಡಿ?"

"ಕೆಂಪುದು."

"ಹಾಗಾದ್ರೆ ಶೆಡ್ಡಿನ ಮೂಲೇಲಿ ಇರೋದು?"

ಅವಳು ಟ್ರೇಯಲ್ಲಿದ್ದ ಸಸಿಯೊಂದರ ಎಲೆ ಸರಿಮಾಡಿದಳು. "ಖಾಲಿ ಟ್ರೇಗಳು. ಮೇಲೆ ಎರಡು ಮುರಿದ ಕುರ್ಚಿ. ಅದ್ರ ಮೇಲೆ ಗೋಣಿತಾಟು."

"ಯಾವತ್ತಿಂದ?"

"ಐದನೇ ತಾರೀಖಿಂದ. ನೀವು ಬಸ್ಸು ಹತ್ತಿದ ಕೂಡ್ಲೆ ನಾನು ಇದನ್ನ ತಗೊಂಡು ಬರ್ತೀನಿ. ನೀವು ಬರೋಷ್ಟರಲ್ಲಿ ನೀರಿನ ಟ್ಯಾಂಕಿನ ಹಿಂದೆ ನಿಲ್ಸಿಬಿಡ್ತೀನಿ. ದಿನಾ ಕೆಸರು ತೊಳೆದು ಶೆಡ್ಡಿಗೆ ಹಾಕೋಕೆ ನಂಗೇನು ಬೇರೆ ಕೆಲ್ಸ ಇಲ್ವಾ? ನಿಮಗೆ ಇರೋ ಒಂದು ಗಾಡಿಗೇ ಒಂದಿನ ಒಂದು ಹಲಗೆ, ಮಾರನೇ ದಿನ ಇನ್ನೊಂದು ಹಲಗೆ."

ಅಂದರೆ ಹನ್ನೆರಡು ದಿನ ನಾನು ಒಂದೇ ಗಾಡಿಯನ್ನು ಅದರ ಜೊತೆಗೇ ಹೋಲಿಸಿ, ಸೋಲಿಸಿ, ಗೆಲ್ಲಿಸಿದ್ದೆ. ಮುರಿದ ಕುರ್ಚಿಗಳಿಗೆ ಗಾಂಭೀರ್ಯಕ್ಕೆ ಒಂಬತ್ತು ಕೊಟ್ಟಿದ್ದೆ.

"ಇಪ್ಪತ್ತು ವರ್ಷದ ಪದ್ಧತಿಗೆ ದ್ರೋಹ!" ಅಂದೆ. "ನನಗೊಂದು ಮಾತು ಹೇಳಬಹುದಿತ್ತಲ್ಲ?"

"ಹೇಳಿದ್ರೆ ಬೇಡ ಅಂತಿದ್ರಿ. ಇಲ್ಲಾಂದ್ರೆ ನೀವೇ ಟ್ರೇ ಹೊತ್ಕೊಂಡು ಹೊರಡ್ತಿದ್ರಿ. ನಂಗೆ ಎರಡೂ ಬೇಡವಾಗಿತ್ತು." ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡಳು. "ನೀವು ಅವತ್ತು ಬಿದ್ದಾಗ ನಾನು ಕೆಳಗೇ ನಿಂತಿದ್ದೆ ಕಣ್ರೀ. ಟ್ರೇ ಬಿಟ್ಟು ಮರ ಹಿಡ್ಕೊಳ್ಳಿ ಅಂತ ಕೂಗ್ದೆ. ನೀವು ಟ್ರೇ ಬಿಡ್ಲೇ ಇಲ್ಲ."

ಆ ಟ್ರೇಯಲ್ಲಿ ನೇರಳೆ ಸಸಿ ಇತ್ತು, ಮೊದಲ ಸಲ ಮೊಳೆತದ್ದು. ಅದನ್ನು ಹೇಗೆ ಬಿಡುವುದು? ಹಾಗಂತ ಹೇಳಿದೆ. ಹೇಳಿ, ಅವಳ ಟ್ರೇಯ ಸಸಿಗಳನ್ನು ಎಣಿಸತೊಡಗಿದೆ.

ಅಷ್ಟರಲ್ಲಿ ಬಾಮೈದ ಏದುಸಿರು ಬಿಡುತ್ತ ಹತ್ತಿಬಂದು ನೆಲಕ್ಕೆ ಕುಕ್ಕರಿಸಿದ. "ಭಾವ... ಛತ್ರಿ... ನಾನಲ್ಲ... ಅಮ್ಮ ತಗೊಂಡಿದ್ದು..."

ಇವಳು ನಗಲು ಶುರುಮಾಡಿದಳು. ಸುಮಾರು ಹೊತ್ತು ನಿಲ್ಲಿಸಲಿಲ್ಲ. ಮೊದಲು ನಾನು ಗಂಭೀರವಾಗಿಯೇ ಇದ್ದೆ.

ಸೆಪ್ಟೆಂಬರ್ ೧೯, ಗುರುವಾರ

ಅಂಕಗಳನ್ನು ಮತ್ತೆ ಪರಿಶೀಲಿಸಿದೆ. ಒಂದೇ ಗಾಡಿ, ಒಂದೇ ರಸ್ತೆ. ಮೊದಲ ವಾರ ಮೂರು, ಈ ವಾರ ಎಂಟು. ಇದಕ್ಕೆ ಒಂದೇ ವಿವರಣೆ ಸಾಧ್ಯ. ಪವರ್ ಸ್ಟೀರಿಂಗು ಬಳಸುತ್ತ ಬಳಸುತ್ತ ಪಳಗುತ್ತದೆ, ಹೊಸ ಚಪ್ಪಲಿಯ ಹಾಗೆ. ಇದನ್ನು ಕಂಪನಿಯವರಿಗೆ ಬರೆದು ತಿಳಿಸಬೇಕು.

ಡಾಕ್ಟರಮ್ಮನಿಗೂ ಹೇಳಿದೆ. ಅವರು ಪುಸ್ತಕ ನೋಡಿ, ನನ್ನ ಕೈಯನ್ನು ತಲೆಯ ಮೇಲಕ್ಕೆ ಎತ್ತಿಸಿ ನೋಡಿ, "ಗಾಡಿ ಚೆನ್ನಾಗಿ ಪಳಗಿದೆ. ಇನ್ನು ವಾರಕ್ಕೊಂದೇ ಸಲ ಬನ್ನಿ ಸಾಕು" ಅಂದರು. ಕೊನೆಗೂ ಒಬ್ಬರು ನನ್ನ ಸಿದ್ಧಾಂತ ಒಪ್ಪಿದರು.

ಸೆಪ್ಟೆಂಬರ್ ೨೦, ಶುಕ್ರವಾರ

ತೀರ್ಪಿನ ದಿನ. ಶೋರೂಮಿನವರು ಟೈ ಸಮೇತ ಹಾಜರು. ಕೆಂಪು ಗಾಡಿ ನೋಡಿ ಟೈ ಸಡಿಲಿಸಿದರು.

"ಸಾರ್, ಟ್ರಯಲ್ ಅಂದ್ರೆ... ಇದು ಯುದ್ಧಕ್ಕೆ ಹೋಗಿಬಂದ ಹಾಗಿದೆಯಲ್ಲ."

ಇವಳಿಗೆ ಕೆಂಪುದೇ ಬೇಕು. ನನಗೆ ನೀಲಿಯದು. ಹನ್ನೆರಡು ದಿನದ ಒಡನಾಟ, ಅದರ ಎರಡೂ ವ್ಯಕ್ತಿತ್ವಗಳನ್ನು ನಾನು ಬಲ್ಲೆ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವಳು ನನ್ನದನ್ನು, ನಾನು ಅವಳದನ್ನು ಓಡಿಸಿ ಮೇಲೆ ಹೋಗಿಬರುವುದು ಅಂತಾಯಿತು. ಹೋಗಿಬಂದೆವು. ಇಬ್ಬರೂ ಗಾಡಿಯಿಂದಿಳಿದು ಒಬ್ಬರ ಮುಖ ಒಬ್ಬರು ನೋಡಿದೆವು. ಅದೇ ಹ್ಯಾಂಡಲ್, ಅದೇ ಮೋಟರು, ಅದೇ ಎಳೆತ. ಏನಂದರೆ ಏನೂ ವ್ಯತ್ಯಾಸವಿಲ್ಲ.

"ಈಗೇನು ಮಾಡೋದು?" ಅಂದಳು.

"ಇನ್ನೊಂದು ಹದಿನೈದು ದಿನ ಕೊಟ್ರೆ..." ಅಂತ ನಾನು ಶುರುಮಾಡಿದೆ. ಶೋರೂಮಿನವರು ಕೆಂಪು ಗಾಡಿಯ ಕೆಸರಿಗೆ ಒರಗಿ ಕಣ್ಣು ಮುಚ್ಚಿಕೊಂಡರು.

ಆಗ ಬಾಮೈದ, ಅಂಗಳದ ಕಟ್ಟೆಯ ಮೇಲೆ ಕೂತು ಟೇಪು ಎಳೆದು ಬಿಟ್ಟು ಆಟವಾಡುತ್ತಿದ್ದವನು, "ಭಾವ, ಕ್ಯಾರಿಯರ್ ಮೇಲೆ ಟ್ರೇ ಇಟ್ಟು ನೋಡಿದ್ರಾ?" ಅಂದ.

ನಾನು ಪುಸ್ತಕದಲ್ಲಿ ಆ ಕಾಲಂ ಹುಡುಕಿದೆ.

ಅವನೇ ಎದ್ದು ಅಳೆದ. ಕೆಂಪು ಗಾಡಿಯ ಮುಂದಿನ ಕ್ಯಾರಿಯರ್ ನಾಲ್ಕು ಬೆರಳು ಉದ್ದ. ಎರಡು ಟ್ರೇ ಕೂರುತ್ತದೆ. ನೀಲಿಯದರಲ್ಲಿ ಒಂದು ಕೂತು, ಎರಡನೆಯದರ ಅರ್ಧ ಗಾಳಿಯಲ್ಲಿ. ಸಸಿ ಸಾಗಿಸಲು ಗಾಡಿ ಹುಡುಕಿದವನು ಬೆಕ್ಕಿನ ಅಭಿಪ್ರಾಯ ಸಮೇತ ಎಲ್ಲವನ್ನೂ ಬರೆದಿದ್ದೇನೆ, ಟ್ರೇ ಮಾತ್ರ ಮರೆತಿದ್ದೇನೆ.

"ನಾನು ಮೊದಲ ದಿನವೇ ನೋಡಿದ್ದೆ" ಅಂದಳು ಇವಳು. "ಅದಕ್ಕೇ ಮುದ್ದಾಗಿದೆ ಅಂದಿದ್ದು."

ಕೆಂಪು ಉಳಿಯಿತು. ನೀಲಿಯದು ಹೊರಡುವಾಗ ಗೇಟಿನವರೆಗೂ ಹೋಗಿ ಕಳಿಸಿಬಂದೆ. ಬಾಡಿಗೆಯ ಮಾತು ರದ್ದು. ಬಾಮೈದ ಟೇಪು ಸುತ್ತಿಕೊಂಡು, "ಹೋಗ್ಲಿ ಬಿಡಿ ಭಾವ, ಏಣಿನಾದ್ರೂ ನಂಗಿರಲಿ" ಅಂದ. ಇರಲಿ ಅಂದೆ. ಗೆದ್ದವನು ಉದಾರಿಯಾಗಿರಬೇಕು.

ಸೆಪ್ಟೆಂಬರ್ ೨೫, ಬುಧವಾರ

ಪಾರ್ಕಿನವರ ಲಾರಿ ತುಂಬಿಕೊಂಡು ಹೋಯಿತು. ಸಂಜೆ ಇವಳು ಖಾಲಿ ಟ್ರೇ ಹೇರಿಕೊಂಡು ಮೇಲೆ ಹೊರಟಳು. ಕೀಲಿ ಕೇಳಿದೆ, ಕೊಡಲಿಲ್ಲ. ಹಿಂದೆ ನಡೆದುಕೊಂಡೇ ಹೋದೆ. ದಾರಿಯುದ್ದಕ್ಕೂ ನನ್ನ ಸಲಹೆ ಬೇಕಿತ್ತು. ಏರಿನಲ್ಲಿ ಅವಳು ವೇಗ ತಗ್ಗಿಸುವ ರೀತಿ ಸರಿಯಿಲ್ಲ, ತಿರುವಿನಲ್ಲಿ ತೀರಾ ಅಂಚಿಗೆ ಹೋಗುತ್ತಾಳೆ. ಕೈಯಾಡಿಸಿ ಕೂಗಿ ಹೇಳುತ್ತ ಹೇಳುತ್ತ ಯಾವಾಗ ಮೇಲೆ ತಲುಪಿದೆನೋ ಗೊತ್ತಾಗಲಿಲ್ಲ. ನೋಡಿದರೆ ಬಲಗೈಯಲ್ಲಿ ಒಂದು ಟ್ರೇ ಇತ್ತು. ಅವಳ ಗಾಡಿಯಿಂದ ಬಿದ್ದದ್ದನ್ನು ಎತ್ತಿಕೊಂಡಿದ್ದೆನಂತೆ.

ಖಾಲಿ ಪಾತಿಯ ಅಂಚಿನಲ್ಲಿ ಕೂತೆವು.

"ಮುಂದಿನ ಬಿತ್ತನೆಗೆ ಬೇವು ಹಾಕೋಣ" ಅಂದೆ.

"ಹೊಂಗೆ" ಅಂದಳು.

"ಈ ತಾಕಿನ ವಿಷಯ ನನಗೆ ಗೊತ್ತು."

"ಎರಡು ತಿಂಗಳಿಂದ ಇಲ್ಲಿಗೆ ಬಂದೋರು ಯಾರು?"

ಅವಳು ಆಗಲೇ ಕೋಲು ಹಿಡಿದು ಮಣ್ಣಿನ ಮೇಲೆ ಹೊಂಗೆಯ ಸಾಲುಗಳನ್ನು ಗೀಚುತ್ತಿದ್ದಳು, ಇಷ್ಟು ದಿನ ನಾನು ಗೀಚುತ್ತಿದ್ದ ಹಾಗೆಯೇ. ವಿಷಯ ತಿಳಿದುಹೋಯಿತು. ಮೇಲಿನ ತಾಕು ನನ್ನ ಕೈಬಿಟ್ಟಿದೆ. ತಮ್ಮನ ಕೈ ಸೇರುವುದನ್ನು ತಪ್ಪಿಸಲು ನಾನು ಹೆಣಗಾಡುತ್ತಿದ್ದಾಗ ಅಕ್ಕ ಸದ್ದಿಲ್ಲದೆ ವಶಪಡಿಸಿಕೊಂಡಿದ್ದಾಳೆ.

"ಹಾಗಾದ್ರೆ ನನಗೇನು ಕೆಲಸ?" ಅಂತ ಕೇಳಿದೆ, ಸ್ವಲ್ಪ ಬಿಗಿಯಾಗಿಯೇ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಸಂತೆಯಲ್ಲಿ ಎತ್ತು ನೋಡುವ ಹಾಗೆ. "ಬೀಜ ಹಾಕೋಕೆ ನುರಿತ ಕೈ ಬೇಕು. ಬರ್ತೀರಾ?"

ಬರುತ್ತೇನೆ ಅಂದೆ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಮೇಲಿರಬೇಕಂತೆ. ತಡವಾದರೆ ತಮ್ಮನನ್ನು ಕರೆಸುತ್ತಾಳಂತೆ. ಗಡಿಯಾರಕ್ಕೆ ಆರು ಗಂಟೆಯ ಅಲಾರಂ ಇಟ್ಟಿದ್ದೇನೆ, ಐದೂ ಮುಕ್ಕಾಲಿಗೆ ಇನ್ನೊಂದು.